ಹತ್ತು ಲಕ್ಷ ಡಾಲರ್ ಕಳಿಸಬಹುದು, ನೂರು ಯೂರೊ ತೆಗೆಯೋಕಾಗಲ್ಲ

ವಿದೇಶದಲ್ಲಿರುವ ಮಕ್ಕಳ ದುಡ್ಡಿನ ವಿಚಾರ ಬಂದರೆ ನಮ್ಮ ಕಡೆ ಮಾತು ಯಾವಾಗಲೂ ಒಂದೇ ದಿಕ್ಕಿಗೆ ಹರಿಯುತ್ತೆ. ಅಲ್ಲಿಂದ ಇಲ್ಲಿಗೆ ಎಷ್ಟು ಬಂತು? ರಾಜಾಜಿನಗರದಲ್ಲಿ ಹಳೇ ಮನೆ ಕೆಡವಿ ನಾಲ್ಕು ಮಹಡಿ ಎಬ್ಬಿಸಿದರೆ, ವಿಜಯನಗರದಲ್ಲಿ ಯಾರಾದರೂ ಹೊಸ ಕಾರು ತಂದರೆ, "ಮಗ ಹೊರಗಿದ್ದಾನೆ" ಅನ್ನೋ ಒಂದು ಮಾತಿನಲ್ಲಿ ಎಲ್ಲ ವಿವರಣೆಯೂ ಮುಗಿದುಹೋಗುತ್ತೆ. ಸರ್ಕಾರದ ಅಂಕಿ-ಅಂಶ, ಬ್ಯಾಂಕುಗಳ ಜಾಹೀರಾತು, ಮದುವೆ ಮಾತುಕತೆ ಎಲ್ಲವೂ ಒಳಬರುವ ಹಣದ್ದೇ.

ಆದರೆ ಇಲ್ಲಿನ ಖಾತೆಯಲ್ಲಿ ಸ್ವಂತ ದುಡ್ಡಿದೆ, ತಾನು ಇರೋದು ಪರದೇಶದಲ್ಲಿ, ಈಗಲೇ ಕೈಗೆ ನೋಟು ಬೇಕು. ಆಗೇನು ಮಾಡೋದು? ಈ ಪ್ರಶ್ನೆಗೆ ನೆಟ್ಟಗೆ ಉತ್ತರ ಹೇಳುವವರು ಕಡಿಮೆ. ನಾನು ಒಂದು ಸರ್ಕಾರಿ ಬ್ಯಾಂಕಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕೆಲಸ ಮಾಡಿ, ಕೊನೆಯ ಕೆಲವು ವರ್ಷ ವಿದೇಶಿ ವಿನಿಮಯದ ಮೇಜಿನಲ್ಲಿ ಕೂತು ನಿವೃತ್ತನಾದವನು. ಮನೆ ಬಸವೇಶ್ವರನಗರದಲ್ಲಿ. ಬೆಳಗಿನ ವಾಕಿಂಗ್‌ನಲ್ಲಿ ಹಾವನೂರು ವೃತ್ತ ದಾಟುವಷ್ಟರಲ್ಲಿ ವಾರಕ್ಕೆ ಒಬ್ಬರಾದರೂ "ಸಾರ್, ಮಗಳ ಕಾರ್ಡು ಅಲ್ಲಿ ಕೆಲಸ ಮಾಡ್ತಿಲ್ಲವಂತೆ" ಎಂದು ನಿಲ್ಲಿಸುತ್ತಾರೆ. ಹಾಗೆ ನಿಲ್ಲಿಸಿದವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ಉದಾಹರಣೆ. ಕೆಂಗೇರಿ ಉಪನಗರದ ಒಬ್ಬ ಹುಡುಗಿ ಸ್ನಾತಕೋತ್ತರ ಓದಿಗೆ ಜರ್ಮನಿಗೆ ಹೋದಳು. ತಂದೆ ನಿವೃತ್ತ ಚಾಲಕರು, ಸೈಟು ಅಡ ಇಟ್ಟು ಶಿಕ್ಷಣ ಸಾಲ ತೆಗೆದಿದ್ದರು. ಜರ್ಮನಿಯ ವೀಸಾಗೆ 'ಬ್ಲಾಕ್ಡ್ ಅಕೌಂಟ್' ಅಂತ ಒಂದು ಖಾತೆ ತೆರೆದು ವರ್ಷದ ಖರ್ಚನ್ನು ಮೊದಲೇ ತುಂಬಬೇಕು. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೊ. ಅದರಿಂದ ತಿಂಗಳಿಗೆ 992 ಯೂರೊ ಮಾತ್ರ ಬಿಡುಗಡೆಯಾಗುತ್ತೆ. ಆದರೆ ಮೊದಲ ಕಂತು ಕೈಗೆ ಸಿಗಬೇಕಾದರೆ ಅಲ್ಲೇ ಒಂದು ಮಾಮೂಲಿ ಬ್ಯಾಂಕ್ ಖಾತೆ ಬೇಕು, ಆ ಖಾತೆಗೆ ಹಲವು ಕಡೆ ಊರ ಕಚೇರಿಯಲ್ಲಿ ವಿಳಾಸ ನೋಂದಾಯಿಸಿದ ಪತ್ರ ಬೇಕು, ಆ ಪತ್ರಕ್ಕೆ ಬಾಡಿಗೆ ಮನೆ ಬೇಕು, ಆ ಕಚೇರಿಯ ಸರದಿಯೂ ಸಿಗಬೇಕು. ಹೀಗೆ ವಾರಗಳು ಹೋಗುತ್ತವೆ. ಲಕ್ಷಗಟ್ಟಲೆ ದುಡ್ಡು ಅವಳದೇ ಹೆಸರಿನಲ್ಲಿದೆ. ಜೇಬಿನಲ್ಲಿ ಮಾತ್ರ ಇಲ್ಲಿಂದ ಒಯ್ದ ನೋಟುಗಳು. ಅವು ಕರಗಿದ ಮೇಲೆ ಅವಳು ನಂಬಿದ್ದು ಕೆಂಗೇರಿಯ ಶಾಖೆಯ ಡೆಬಿಟ್ ಕಾರ್ಡನ್ನು. ಎಟಿಎಂ ಅದನ್ನು ಓದಲೇ ಇಲ್ಲ.

ಯಾಕೆ ಓದಲಿಲ್ಲ? ಇದಕ್ಕೆ ಎರಡು ಕಾರಣ, ಎರಡೂ ತೀರಾ ಸಾಮಾನ್ಯ. ನಮ್ಮ ಸರ್ಕಾರಿ ಬ್ಯಾಂಕುಗಳು ಉಳಿತಾಯ ಖಾತೆಗೆ ಕೊಡುವ ರುಪೇ ಕಾರ್ಡುಗಳಲ್ಲಿ ಬಹಳಷ್ಟು ದೇಶದೊಳಗೆ ಮಾತ್ರ ನಡೆಯುವಂಥವು. ಹೊರದೇಶದಲ್ಲಿ ನಡೆಯುವ ರುಪೇ ಕಾರ್ಡು ಬೇರೆಯೇ ಇದೆ, ಅದು ಡಿಸ್ಕವರ್ ಮತ್ತು ಡೈನರ್ಸ್ ಕ್ಲಬ್ ಜಾಲದ ಮೇಲೆ ಓಡುತ್ತೆ. ಅದನ್ನು ಕೇಳಿಯೇ ಪಡೆಯಬೇಕು. ಎರಡನೆಯದು, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಆಗಿದ್ದರೂ ಕಾರ್ಡು ಬರುವಾಗಲೇ ಹೊರದೇಶದ ಬಳಕೆ ಬಂದ್ ಆಗಿರುತ್ತೆ. ವಂಚನೆ ತಡೆಯಲು ರಿಸರ್ವ್ ಬ್ಯಾಂಕು 2020ರ ಜನವರಿಯಲ್ಲಿ ಹೊರಡಿಸಿದ ಸುತ್ತೋಲೆ ಇದು, ಜಾರಿಗೆ ಬಂದದ್ದು ಅದೇ ವರ್ಷ ಅಕ್ಟೋಬರ್ 1ರಿಂದ. ಆ್ಯಪ್‌ನಲ್ಲಿ ಒಂದು ಗುಂಡಿ ಒತ್ತಿದರೆ ಶುರುವಾಗುತ್ತೆ. ಗುಂಡಿ ಒತ್ತಿದ ಮೇಲೆ ಒಟಿಪಿ ಬರುತ್ತೆ. ಒಟಿಪಿ ಬರೋದು ಬೆಂಗಳೂರಿನ ಸಿಮ್ಮಿಗೆ. ಆ ಸಿಮ್ಮು ಎಲ್ಲಿದೆ?

ಸಿಮ್ಮಿನ ವಿಚಾರವನ್ನು ನಾನು ಸ್ವಲ್ಪ ಒತ್ತಿ ಹೇಳುತ್ತೇನೆ, ಯಾಕೆಂದರೆ ನನ್ನ ಹತ್ತಿರ ಬಂದ ಪ್ರಕರಣಗಳಲ್ಲಿ ಹೆಚ್ಚಿನವು ಕೊನೆಗೆ ಇಲ್ಲಿಗೇ ಬಂದು ನಿಂತಿವೆ. ಹೊರಡುವಾಗ ಮಕ್ಕಳು ಹಳೇ ಫೋನು, ಹಳೇ ಸಿಮ್ಮು ಎರಡನ್ನೂ ಅಮ್ಮನ ಕೈಗೆ ಕೊಟ್ಟು ಹೋಗ್ತಾರೆ. "ಒಟಿಪಿ ಬಂದ್ರೆ ಹೇಳಮ್ಮ" ಅಂತ. ಅಲ್ಲಿ ಮಧ್ಯಾಹ್ನ, ಇಲ್ಲಿ ಅಮ್ಮ ದೇವಸ್ಥಾನದಲ್ಲಿ. ಅಮೆರಿಕವಾದರೆ ಅಲ್ಲಿ ಸಂಜೆ, ಇಲ್ಲಿ ಬೆಳಗಿನ ಜಾವ. ಅಷ್ಟೇ ಆದರೆ ಸಹಿಸಬಹುದು. ರೀಚಾರ್ಜ್ ಮರೆತುಹೋದರೆ? ಟ್ರಾಯ್ ನಿಯಮದಂತೆ 90 ದಿನ ಕರೆ, ಮೆಸೇಜು, ಡೇಟಾ ಏನೂ ಇಲ್ಲದ ಸಿಮ್ಮನ್ನು ಕಂಪನಿ ನಿಲ್ಲಿಸಬಹುದು. ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಡಿದುಕೊಂಡು ಇನ್ನೂ 30 ದಿನ ಉಳಿಸುತ್ತಾರೆ. ಆಮೇಲೆ ಆ ನಂಬರ್ ಬೇರೆಯವರ ಪಾಲಾಗಬಹುದು. ನಿಮ್ಮ ಬ್ಯಾಂಕಿನ ಬಾಗಿಲಿನ ಬೀಗದ ಕೈ ಗೊತ್ತಿಲ್ಲದ ಯಾರೋ ಒಬ್ಬರ ಜೇಬಿಗೆ ಹೋದ ಹಾಗೆ. ನಂಬರ್ ಬದಲಾಯಿಸೋಣ ಎಂದರೆ ಹಲವು ಶಾಖೆಗಳು ಖಾತೆದಾರರೇ ಖುದ್ದಾಗಿ ಬರಬೇಕು ಎನ್ನುತ್ತವೆ.

ಹಾಗಾಗಿ ಸಿಮ್ಮು ಹೊರಡುವವರ ಜೊತೆಗೇ ಹೋಗಬೇಕು. ಹೊರಡುವ ಮುಂಚೆ ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಿ, ಎರಡು ಸಿಮ್ಮು ಹಿಡಿಯುವ ಫೋನಿನಲ್ಲಿ ಅದನ್ನು ಎರಡನೆಯದಾಗಿ ಇಟ್ಟುಕೊಳ್ಳಬೇಕು. ಮೆಸೇಜು ಬರೋದಕ್ಕೆ ಸಾಮಾನ್ಯವಾಗಿ ದುಡ್ಡಿಲ್ಲ, ಕರೆ ಎತ್ತಿದರೆ ಮಾತ್ರ ಬಿಲ್ಲು. ಅಪ್ಪ ಇಲ್ಲಿಂದ ರೀಚಾರ್ಜ್ ಮಾಡುತ್ತಾ ಇದ್ದರೆ ಸಾಕು.

ಈಗ ಖರ್ಚಿನ ಲೆಕ್ಕ. ಕಾರ್ಡು ಕೆಲಸ ಮಾಡಿತು ಎಂದುಕೊಳ್ಳಿ. ಲೆಕ್ಕ ಸುಲಭವಾಗಲಿ ಅಂತ ಒಂದು ಯೂರೊಗೆ 100 ರೂಪಾಯಿ ಎಂದಿಟ್ಟುಕೊಳ್ಳೋಣ. ಹುಡುಗಿ 20 ಯೂರೊ ತೆಗೆಯುತ್ತಾಳೆ. ಎಟಿಎಂ ಮಾಲೀಕರು ತಮ್ಮ ಶುಲ್ಕ 5 ಯೂರೊ ಸೇರಿಸುತ್ತಾರೆ. ಇಲ್ಲಿನ ಬ್ಯಾಂಕು 25 ಯೂರೊ ಅಂದರೆ 2,500 ರೂಪಾಯಿ ಮೇಲೆ ಶೇ 3.5 ಕರೆನ್ಸಿ ಪರಿವರ್ತನೆ ಶುಲ್ಕ ಹಾಕುತ್ತೆ, ಅದಕ್ಕೆ ಶೇ 18 ಜಿಎಸ್‌ಟಿ. ಜೊತೆಗೆ ಪ್ರತಿ ಬಾರಿಗೆ 150 ರೂಪಾಯಿ ಶುಲ್ಕ, ಅದಕ್ಕೂ ಜಿಎಸ್‌ಟಿ. ಬ್ಯಾಂಕಿನಿಂದ ಬ್ಯಾಂಕಿಗೆ ಈ ಅಂಕಿ ಸ್ವಲ್ಪ ಆಚೀಚೆ ಆಗುತ್ತೆ, ಆದರೆ ಬಹುಪಾಲು ಕಡೆ ಇದೇ ಆಸುಪಾಸು. ಒಟ್ಟು ಖಾತೆಯಿಂದ ಹೋಗೋದು ಸುಮಾರು 2,780 ರೂಪಾಯಿ. ಕೈಗೆ ಬಂದದ್ದು 2,000 ರೂಪಾಯಿ ಬೆಲೆಯ ನೋಟು. ನೂರಕ್ಕೆ 39 ರೂಪಾಯಿ ದಾರಿಯಲ್ಲೇ ಹೋಯಿತು! ಅದೇ ಹುಡುಗಿ ಒಂದೇ ಸಲ 200 ಯೂರೊ ತೆಗೆದಿದ್ದರೆ ಇದೇ ದರದಲ್ಲಿ ಹೋಗುತ್ತಿದ್ದದ್ದು ಸುಮಾರು 1,520 ರೂಪಾಯಿ, ನೂರಕ್ಕೆ ಎಂಟಕ್ಕಿಂತ ಕಡಿಮೆ. ಕೈ ಬಿಗಿ ಹಿಡಿದು ಚೂರು ಚೂರೇ ತೆಗೆಯೋದು ನಮ್ಮ ಮನೆಗಳಲ್ಲಿ ಕಲಿಸಿದ ಬುದ್ಧಿ. ಎಟಿಎಂ ಮುಂದೆ ಆ ಬುದ್ಧಿಗೆ ದಂಡ ಬೀಳುತ್ತೆ. ಅಪರೂಪಕ್ಕೆ ಹೋಗಿ, ಹೋದಾಗ ದೊಡ್ಡ ಮೊತ್ತ ತೆಗೆಯಿರಿ.

ಇನ್ನೊಂದು ಗುಳಿ ಇದೆ. ಪರದೇಶದ ಎಟಿಎಂ ತೆರೆಯ ಮೇಲೆ "ನಿಮ್ಮ ಖಾತೆಯಿಂದ ರೂಪಾಯಿಯಲ್ಲೇ ಕಡಿತ ಮಾಡೋಣವೇ?" ಎಂಬ ಪ್ರಶ್ನೆ ಬರುತ್ತೆ. ಪರಿಚಿತ ರೂಪಾಯಿ ಕಂಡ ಖುಷಿಗೆ ಹೌದು ಎಂದರೆ, ವಿನಿಮಯ ದರ ನಿರ್ಧರಿಸುವ ಹಕ್ಕನ್ನು ಆ ಎಟಿಎಂ ಮಾಲೀಕರಿಗೆ ಕೊಟ್ಟ ಹಾಗೆ. ಅವರ ದರ ಕಾರ್ಡು ಜಾಲದ ದರಕ್ಕಿಂತ ಸಾಕಷ್ಟು ದುಬಾರಿ. ಇದು ಎಷ್ಟು ದೊಡ್ಡ ದಂಧೆ ಆಗಿತ್ತೆಂದರೆ ಯುರೋಪಿಯನ್ ಒಕ್ಕೂಟ 2019ರಲ್ಲಿ ನಿಯಮವನ್ನೇ ಮಾಡಿ, ಯೂರೋಪಿನ ಕೇಂದ್ರ ಬ್ಯಾಂಕಿನ ದರಕ್ಕಿಂತ ಎಷ್ಟು ಹೆಚ್ಚು ಹಾಕುತ್ತಿದ್ದೀರಿ ಅನ್ನೋದನ್ನು ಶೇಕಡಾವಾರು ತೋರಿಸಬೇಕೆಂದು ಹೇಳಿತು. ಅದು ಒಕ್ಕೂಟದೊಳಗಿನ ಕರೆನ್ಸಿಗಳಿಗೆ. ನಮ್ಮ ರೂಪಾಯಿಗೆ ಆ ರಕ್ಷಣೆಯ ಭರವಸೆ ಇಲ್ಲ. 'ಬೇಡ' ಒತ್ತಿ, ಆ ದೇಶದ ಕರೆನ್ಸಿಯಲ್ಲೇ ತೆಗೆಯಿರಿ. ಕ್ರೆಡಿಟ್ ಕಾರ್ಡಿನಿಂದ ನೋಟು ತೆಗೆಯೋದಂತೂ ಬೇಡವೇ ಬೇಡ. ತೆಗೆದ ದಿನದಿಂದಲೇ ಬಡ್ಡಿ ಓಡುತ್ತೆ.

ಇಲ್ಲಿವರೆಗಿನದು ತಾಂತ್ರಿಕ ಕಿರಿಕಿರಿ, ಸ್ವಲ್ಪ ಜಾಣತನದಿಂದ ದಾಟಬಹುದು. ಮುಂದಿನದು ಕಾನೂನಿನ ಗಂಟು. ಇದರಲ್ಲಿ ನನಗೆ ನಿಯಮ ಮಾಡುವವರ ಮೇಲೆಯೇ ತಕರಾರಿದೆ.

2000ದ ಜೂನ್ 1ರಿಂದ ಜಾರಿಯಲ್ಲಿರುವ ಫೆಮಾ ಕಾನೂನಿನ ಪ್ರಕಾರ ಕೆಲಸಕ್ಕೋ, ವ್ಯಾಪಾರಕ್ಕೋ, ಎಷ್ಟು ದಿನ ಎಂದು ಹೇಳಲಾಗದ ಅವಧಿಗೋ ದೇಶ ಬಿಟ್ಟು ಹೋದವರು ಅನಿವಾಸಿಗಳು. ಆದಾಯ ತೆರಿಗೆಯವರ 182 ದಿನದ ಲೆಕ್ಕ ಬೇರೆ, ಅದನ್ನು ಇದಕ್ಕೆ ಬೆರೆಸಬೇಡಿ. ಓದಲು ಹೋದವರೂ ಅನಿವಾಸಿಗಳೇ ಎಂದು ರಿಸರ್ವ್ ಬ್ಯಾಂಕು 2003ರ ಡಿಸೆಂಬರ್ 8ರ ಸುತ್ತೋಲೆಯಲ್ಲೇ ಹೇಳಿಬಿಟ್ಟಿದೆ. ಅಂದರೆ ವಿಮಾನ ಹತ್ತಿದ ವಿದ್ಯಾರ್ಥಿಯ ಮಾಮೂಲಿ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಬೇಕು. ಇಷ್ಟು ವರ್ಷವಾದರೂ ಹೆಚ್ಚಿನ ಅಪ್ಪ-ಅಮ್ಮಂದಿರಿಗೆ ಇದು ಗೊತ್ತಿಲ್ಲ. ಶಿಕ್ಷಣ ಸಾಲ ಮಂಜೂರು ಮಾಡುವ ಶಾಖೆಯೇ ಎಷ್ಟೋ ಸಲ ಹೇಳುವುದಿಲ್ಲ.

ಬದಲಾಯಿಸಿದರೆ ಏನಾಗುತ್ತೆ? ಅನೇಕ ಬ್ಯಾಂಕುಗಳು ಎನ್‌ಆರ್‌ಒ ಖಾತೆಗೆ ಕೊಡುವ ಡೆಬಿಟ್ ಕಾರ್ಡು ಭಾರತದೊಳಗೆ ಮಾತ್ರ ನಡೆಯುವಂಥದ್ದು. ಖಾತೆದಾರ ಹೊರಗೇ ಇರುತ್ತಾನೆ ಎಂದು ಗುರುತಿಸಿಯೇ ಕೊಟ್ಟ ಖಾತೆ, ಅದರ ಕಾರ್ಡು ಹೊರಗೆ ನಡೆಯಲ್ಲ! ಕಾನೂನು ಪಾಲಿಸದೆ ಹಳೇ ಖಾತೆಯನ್ನು ಹಾಗೇ ಬಿಟ್ಟವನು ಬರ್ಲಿನ್‌ನಲ್ಲೋ ಡಬ್ಲಿನ್‌ನಲ್ಲೋ ಆರಾಮಾಗಿ ನೋಟು ತೆಗೆಯುತ್ತಾನೆ. ಕಾನೂನು ಪಾಲಿಸಿದವಳು ಎಟಿಎಂ ಮುಂದೆ ಪೆಚ್ಚಾಗಿ ನಿಲ್ಲುತ್ತಾಳೆ.

ಹಾಗಂತ ಎನ್‌ಆರ್‌ಒ ಖಾತೆಯ ದುಡ್ಡು ಹೊರಗೆ ಹೋಗಲೇಬಾರದು ಅಂತಿಲ್ಲ. ಅದರಿಂದ ಒಂದು ಹಣಕಾಸು ವರ್ಷದಲ್ಲಿ ಹತ್ತು ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. ವಿಜಯನಗರದ ಮನೆ ಮಾರಿ ಬಂದ ಕೋಟಿಗಳನ್ನು ಮಗ ನ್ಯೂಜೆರ್ಸಿಗೆ ಒಯ್ಯೋದು ಈ ದಾರಿಯಲ್ಲೇ. ಅದಕ್ಕೆ ತೆರಿಗೆ ಕಟ್ಟಿದ್ದಕ್ಕೆ ಘೋಷಣೆ ಮತ್ತು ಲೆಕ್ಕ ಪರಿಶೋಧಕರ ಪ್ರಮಾಣಪತ್ರ ಬೇಕು, ಬಹುಕಾಲದಿಂದ 15ಸಿಎ, 15ಸಿಬಿ ಎಂದು ಕರೆಯುತ್ತಾ ಬಂದ ಕಾಗದಗಳು. ಕೋಟಿ ಕಳಿಸುವವರಿಗೆ ಆಡಿಟರ್ ಫೀಸು ಒಂದು ಲೆಕ್ಕವೇ ಅಲ್ಲ. ನೂರು ಯೂರೊ ಬೇಕಾದವಳು ಆಡಿಟರ್ ಹತ್ತಿರ ಹೋಗುವುದುಂಟೆ?

ಬ್ಯಾಂಕುಗಳ ವಾದವನ್ನೂ ಹೇಳಿಬಿಡಬೇಕು. ಎನ್‌ಆರ್‌ಒ ಖಾತೆಗೆ ಬರೋದು ಇಲ್ಲಿನ ಬಾಡಿಗೆ, ಬಡ್ಡಿ, ಆಸ್ತಿ ಮಾರಿದ ಹಣ. ಅದರ ಬಡ್ಡಿಗೆ ಮೂಲದಲ್ಲೇ ಶೇ 30 ಮತ್ತು ಮೇಲ್ತೆರಿಗೆ ಕಡಿತವಾಗುತ್ತೆ. ಹೊರಹೋಗುವ ಹಣಕ್ಕೆ ತೆರಿಗೆ ಕಟ್ಟಿದೆಯೋ ಇಲ್ಲವೋ ಎಂದು ಎಟಿಎಂ ಯಂತ್ರ ಕೇಳಲಾರದು, ಆದ್ದರಿಂದ ಬಾಗಿಲೇ ಮುಚ್ಚಿದೆ. ಮಾತು ತಪ್ಪಲ್ಲ. ಆದರೆ ಪಕ್ಕದಲ್ಲೇ ಇನ್ನೊಂದು ಬಾಗಿಲು ನೋಡಿ. ಇಲ್ಲೇ ವಾಸವಿರುವ ಯಾರಾದರೂ ಉದಾರೀಕೃತ ರವಾನೆ ಯೋಜನೆಯಡಿ ವರ್ಷಕ್ಕೆ 2.5 ಲಕ್ಷ ಡಾಲರ್ ಹೊರಗೆ ಬಳಸಬಹುದು. 2004ರಲ್ಲಿ 25 ಸಾವಿರ ಡಾಲರ್‌ನಿಂದ ಶುರುವಾದ ಮಿತಿ 2015ರ ಹೊತ್ತಿಗೆ ಇಲ್ಲಿಗೆ ಬಂತು. ರಾಜಾಜಿನಗರದಿಂದ ಪ್ಯಾರಿಸ್ ನೋಡಲು ಹೋದ ಪ್ರವಾಸಿ ಡೆಬಿಟ್ ಕಾರ್ಡು ಹಾಕಿ ನೋಟು ತೆಗೆದರೆ ಆ ಲೆಕ್ಕಕ್ಕೆ ಸೇರುತ್ತೆ, ಆಡಿಟರ್ ಪ್ರಮಾಣಪತ್ರ ಯಾರೂ ಕೇಳಲ್ಲ. ಪ್ರವಾಸಿಗೆ ಇರುವ ನಂಬಿಕೆ ವಿದ್ಯಾರ್ಥಿಗೆ, ನರ್ಸಿಗೆ ಯಾಕಿಲ್ಲ? ತಿಂಗಳಿಗೆ ಇಂತಿಷ್ಟು ಎಂದು ಸಣ್ಣ ಮಿತಿ ಹಾಕಿ, ಅಷ್ಟನ್ನು ವಾರ್ಷಿಕ ಹತ್ತು ಲಕ್ಷ ಡಾಲರ್ ಲೆಕ್ಕದಲ್ಲೇ ಕಳೆದು, ಎನ್‌ಆರ್‌ಒ ಕಾರ್ಡನ್ನು ಹೊರಗೆ ನಡೆಯುವಂತೆ ಎಲ್ಲ ಬ್ಯಾಂಕುಗಳಿಗೂ ಹೇಳೋದು ರಿಸರ್ವ್ ಬ್ಯಾಂಕಿಗೆ ದೊಡ್ಡ ಕೆಲಸವೇನಲ್ಲ.

ಖಾತೆ ಬದಲಾಯಿಸದೇ ಬಿಟ್ಟರೆ ಏನು ಅಂತ ನೇರವಾಗಿ ಕೇಳುವವರಿದ್ದಾರೆ. ಫೆಮಾದಲ್ಲಿ ಉಲ್ಲಂಘನೆಯ ಮೊತ್ತದ ಮೂರು ಪಟ್ಟುವರೆಗೆ ದಂಡಕ್ಕೆ ಅವಕಾಶ ಇದೆ. ವಿದ್ಯಾರ್ಥಿಯ ಸಣ್ಣ ಖಾತೆಗೆ ಅಂಥ ದಂಡ ಬಿದ್ದದ್ದನ್ನು ನನ್ನ ಸೇವೆಯಲ್ಲಿ ಕಂಡಿಲ್ಲ. ಕಂಡದ್ದು ಬೇರೆ: ಕೆವೈಸಿ ನವೀಕರಣದ ಹೊತ್ತಿಗೆ ಪಾಸ್‌ಪೋರ್ಟು, ವೀಸಾ ನೋಡಿದ ಶಾಖೆ ಖಾತೆಯ ವ್ಯವಹಾರ ನಿಲ್ಲಿಸುತ್ತೆ. ಆ ದಿನ ಖಾತೆದಾರ ಇರೋದು ಎಂಟು ಸಾವಿರ ಕಿಲೋಮೀಟರ್ ಆಚೆ. ಇಎಂಐ ಹೋಗಲ್ಲ, ಕಾರ್ಡು ನಡೆಯಲ್ಲ, ಅಪ್ಪ ಕೌಂಟರಿನಿಂದ ಕೌಂಟರಿಗೆ ಅಲೆಯುತ್ತಾರೆ.

ಹಾಗಾದರೆ ದಾರಿ ಯಾವುದು? ದುಡಿಯುವವರಿಗೆ ಎನ್‌ಆರ್‌ಇ ಖಾತೆ ಇದೆ. ಹೊರಗೆ ದುಡಿದು ಕಳಿಸಿದ ಹಣವನ್ನು ಇದರಲ್ಲಿ ಇಟ್ಟರೆ ಅದನ್ನು ಯಾವಾಗ ಬೇಕಾದರೂ ಮಿತಿಯಿಲ್ಲದೆ ವಾಪಸ್ ಒಯ್ಯಬಹುದು, ಅನಿವಾಸಿಯಾಗಿರುವವರೆಗೆ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ, ಇದರ ಅಂತರರಾಷ್ಟ್ರೀಯ ಕಾರ್ಡು ಹೊರಗಿನ ಎಟಿಎಂಗಳಲ್ಲಿ ನಡೆಯುತ್ತೆ. ಮಾಗಡಿ ರಸ್ತೆ ಆಚೀಚೆಯಿಂದ ಗಲ್ಫಿಗೆ ಹೋದ ಚಾಲಕರು, ಎಲೆಕ್ಟ್ರಿಷಿಯನ್‌ಗಳು ಎಲ್ಲ ದುಡ್ಡನ್ನೂ ಹೆಂಡತಿಯ ಅಥವಾ ಅಪ್ಪನ ಖಾತೆಗೆ ಹಾಕಿಬಿಡುತ್ತಾರೆ. ಮನೆಖರ್ಚಿಗೆ ಅದು ಸರಿ. ಆದರೆ ಕೆಲಸ ಹೋಗಿ ಎರಡು ತಿಂಗಳು ಅಲ್ಲೇ ಕಾಯಬೇಕಾಗಿ ಬಂದಾಗ ಆ ದುಡ್ಡು ಅವರ ಕೈಗೆ ಎಟುಕಲ್ಲ. ಅಲ್ಲಿಂದ ಇಲ್ಲಿಗಾದರೆ ಹಣ ವರ್ಗಾವಣೆ ಅಂಗಡಿಯ ಮೂಲಕ ನಿಮಿಷಗಳಲ್ಲಿ ನೋಟು ಕೈಗೆ ಬರುತ್ತೆ. ಆ ಅಂಗಡಿಗಳು ನಡೆಯುವ ರಿಸರ್ವ್ ಬ್ಯಾಂಕಿನ ಎಂಟಿಎಸ್‌ಎಸ್ ವ್ಯವಸ್ಥೆ ಒಳಬರುವ ಹಣಕ್ಕೆ ಮಾತ್ರ, ಅದೇ ಕಿಟಕಿಯಲ್ಲಿ ವಾಪಸ್ ಕಳಿಸಲು ಆಗಲ್ಲ. ಆದ್ದರಿಂದ ಎರಡು ಮೂರು ತಿಂಗಳ ಖರ್ಚಿನಷ್ಟು ಮೊತ್ತ ಅವರದೇ ಎನ್‌ಆರ್‌ಇ ಖಾತೆಯಲ್ಲಿ ಇರಲಿ.

ವಿದ್ಯಾರ್ಥಿಗಳಿಗೆ ದುಡಿಮೆ ಇಲ್ಲದ್ದರಿಂದ ಶುರುವಿನಲ್ಲಿ ಎನ್‌ಆರ್‌ಇ ಅಷ್ಟಾಗಿ ಉಪಯೋಗಕ್ಕೆ ಬಾರದು. ಅವರಿಗೆ ಮೊದಲ ವಾರಗಳ ಬಂಡಿ ಎಳೆಯೋದು ಫಾರೆಕ್ಸ್ ಕಾರ್ಡು. ಇಲ್ಲೇ ಯೂರೊ ಅಥವಾ ಡಾಲರ್ ತುಂಬಿಸಿಕೊಂಡು ಹೋಗುವ ಕಾರ್ಡದು. ತುಂಬಿದ ಕರೆನ್ಸಿಯಲ್ಲೇ ತೆಗೆದರೆ ಪರಿವರ್ತನೆ ಶುಲ್ಕ ಬೀಳಲ್ಲ, ಎಟಿಎಂ ಶುಲ್ಕ ಮಾತ್ರ ಇರುತ್ತೆ, ಅಪ್ಪ ಇಲ್ಲಿಂದ ಮತ್ತೆ ತುಂಬಬಹುದು. ನೋಟುಗಳನ್ನು ಒಂದು ಪ್ರಯಾಣಕ್ಕೆ 3,000 ಡಾಲರ್ ಬೆಲೆಯವರೆಗೆ ಒಯ್ಯಬಹುದು. ಅಷ್ಟೂ ಒಯ್ಯಿ ಅಂತ ನಾನು ಹೇಳಲ್ಲ, ಹಾಸ್ಟೆಲ್ ಕೋಣೆಯಲ್ಲಿ ಕಳೆದರೆ ಹೋಯಿತು. ಆದರೆ ಹದಿನೈದು ದಿನದ ಖರ್ಚಿನ ನೋಟು, ಒಂದು ಫಾರೆಕ್ಸ್ ಕಾರ್ಡು, ಬೇರೆ ಜಾಲದ ಇನ್ನೊಂದು ಕಾರ್ಡು ಇರಲಿ. ಎರಡು ಕಾರ್ಡೂ ಒಂದೇ ಪರ್ಸಿನಲ್ಲಿ ಬೇಡ.

ಅಲ್ಲಿನ ಖಾತೆ ತೆರೆದ ಮೇಲೆ ಎಟಿಎಂ ಗೋಜು ಬಿಟ್ಟು ಅಪ್ಪ-ಅಮ್ಮ ತಮ್ಮ ಖಾತೆಯಿಂದ ನೇರವಾಗಿ ಮಗಳ ಖಾತೆಗೆ ಕಳಿಸೋದೇ ಅಗ್ಗ. ಪ್ಯಾನ್ ಬೇಕು, ಎ2 ಎಂಬ ಅರ್ಜಿ ತುಂಬಬೇಕು, ಯಾವ ಉದ್ದೇಶಕ್ಕೆ ಎಂಬ ಕೋಡ್ ಹಾಕಬೇಕು. ಓದಿಗೆ ಬೇರೆ ಕೋಡು, ಕುಟುಂಬದವರ ಜೀವನ ನಿರ್ವಹಣೆಗೆ ಬೇರೆ. ಕೋಡು ತಪ್ಪಾದರೆ ತೆರಿಗೆಯೂ ತಪ್ಪಾಗುತ್ತೆ. 2025ರ ಏಪ್ರಿಲ್ 1ರಿಂದ ಒಬ್ಬರು ವರ್ಷಕ್ಕೆ 10 ಲಕ್ಷ ರೂಪಾಯಿವರೆಗೆ ಕಳಿಸಿದರೆ ಮೂಲದಲ್ಲಿ ತೆರಿಗೆ ವಸೂಲಿ ಇಲ್ಲ, ಮೊದಲು ಈ ಗೆರೆ 7 ಲಕ್ಷಕ್ಕಿತ್ತು. ನಿಗದಿತ ಹಣಕಾಸು ಸಂಸ್ಥೆಯ ಶಿಕ್ಷಣ ಸಾಲದಿಂದ ಕಳಿಸುವ ಹಣಕ್ಕೆ ಅದು ಪೂರ್ತಿ ರದ್ದಾಗಿದೆ. ಮಿತಿ ಪ್ರತಿ ಪ್ಯಾನಿಗೆ ಬೇರೆ ಬೇರೆ, ಅಪ್ಪನದು ಮುಗಿದರೆ ಅಮ್ಮನದಿದೆ. ಕಡಿತವಾದರೂ ರಿಟರ್ನ್ಸ್ ಸಲ್ಲಿಸಿ ಹೊಂದಿಸಿಕೊಳ್ಳಬಹುದು. ಸಿಂಗಪುರದಲ್ಲಿ ಮಕ್ಕಳಿರುವವರಿಗೆ ಇನ್ನೂ ಸಲೀಸು. 2023ರ ಫೆಬ್ರುವರಿಯಲ್ಲಿ ನಮ್ಮ ಯುಪಿಐ ಮತ್ತು ಅಲ್ಲಿನ ಪೇನೌ ಜೋಡಣೆಯಾದ ಮೇಲೆ, ಅದರಲ್ಲಿ ಸೇರಿರುವ ಬ್ಯಾಂಕುಗಳ ಗ್ರಾಹಕರು ದಿನಕ್ಕೆ 60 ಸಾವಿರ ರೂಪಾಯಿವರೆಗೆ ಫೋನಿನಲ್ಲೇ ಕಳಿಸಬಹುದು.

ಒಂದು ಮಾತು ಶಾಖೆಯ ಬಗ್ಗೆ. ನಮ್ಮ ಬಡಾವಣೆಗಳ ಎಲ್ಲ ಶಾಖೆಗಳಿಗೂ ವಿದೇಶಿ ವಿನಿಮಯದ ಅಧಿಕಾರ ಇರಲ್ಲ. ಅರ್ಜಿ ಇಲ್ಲಿ ಕೊಟ್ಟರೂ ಅದು ಬೇರೆ ಶಾಖೆಗೆ ಹೋಗಿ ಬರಬೇಕು, ಎರಡು ಮೂರು ದಿನ ಹಿಡಿಯುತ್ತೆ. "ನಾಳೆ ಬನ್ನಿ" ಎನ್ನುವ ಗುಮಾಸ್ತ ಯಾವಾಗಲೂ ಸೋಮಾರಿಯಾಗಿರಲ್ಲ. ಹಾಗಾಗಿ ತುರ್ತು ಬರುವ ಮೊದಲೇ ಒಂದು ಸಣ್ಣ ಮೊತ್ತ, ಐದು ಸಾವಿರ ರೂಪಾಯಿಯೇ ಆಗಲಿ, ಕಳಿಸಿ ನೋಡಿ. ಹೆಸರಿನ ಅಕ್ಷರ, ಖಾತೆ ಸಂಖ್ಯೆ, ಸ್ವಿಫ್ಟ್ ಕೋಡ್ ಎಲ್ಲ ಆಗಲೇ ಸರಿಹೋಗುತ್ತೆ.

ಇಲ್ಲಿನ ಎನ್‌ಆರ್‌ಒ, ಎನ್‌ಆರ್‌ಇ ಖಾತೆಗಳನ್ನು ನೋಡಿಕೊಳ್ಳಲು ಅಪ್ಪನಿಗೋ ತಂಗಿಗೋ ಅಧಿಕಾರ ಪತ್ರ ಬರೆದುಕೊಡಬಹುದು. ಅವರು ಇಲ್ಲಿನ ಬಿಲ್ಲು, ಕಂತು ಕಟ್ಟಬಹುದು, ಹಣವನ್ನು ಹೊರಗಿರುವ ಖಾತೆದಾರರಿಗೇ ಕಳಿಸಬಹುದು, ಬೇರೆ ಯಾರಿಗೂ ಹೊರಗೆ ಕಳಿಸುವಂತಿಲ್ಲ. ಈ ಪತ್ರವನ್ನು ಹೊರಡುವ ಮುಂಚೆ ಮಾಡಿಸಿದರೆ ಇಲ್ಲೇ ಒಂದು ದಿನದ ಕೆಲಸ. ಅಲ್ಲಿಗೆ ಹೋದ ಮೇಲೆ ಮಾಡಿಸಬೇಕಾದರೆ ಭಾರತದ ದೂತಾವಾಸದ ಸರದಿ ಹಿಡಿಯಬೇಕು.

ಒಟಿಪಿ ಗೋಳಿಗೆ ಒಂದು ಬಾಗಿಲು ಈಚೆಗೆ ತೆರೆದಿದೆ. 2025ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು ಡಿಜಿಟಲ್ ಪಾವತಿಗಳ ದೃಢೀಕರಣಕ್ಕೆ ಹೊಸ ನಿರ್ದೇಶನ ಹೊರಡಿಸಿ, ಎಸ್‌ಎಂಎಸ್ ಒಟಿಪಿಯೇ ಆಗಬೇಕೆಂದಿಲ್ಲ, ಆ್ಯಪ್‌ನೊಳಗಿನ ಟೋಕನ್ನು, ಬೆರಳಚ್ಚು ಇತ್ಯಾದಿಗಳೂ ನಡೆಯುತ್ತವೆ ಎಂದಿತು. ಜಾರಿಯ ದಿನ 2026ರ ಏಪ್ರಿಲ್ 1. ಅವಕಾಶ ಕೊಟ್ಟಿದೆ, ಎಸ್‌ಎಂಎಸ್ ಬಿಡಲೇಬೇಕೆಂದು ಬ್ಯಾಂಕುಗಳಿಗೆ ಕಡ್ಡಾಯ ಮಾಡಿಲ್ಲ. ನಿಮ್ಮ ಬ್ಯಾಂಕು ಏನು ಮಾಡಿದೆ ಎಂದು ತಿಳಿಯಲು ಶಾಖೆಗೆ ಹೋಗಿ, ಹೊರಡುವವರ ಫೋನನ್ನೇ ಮುಂದಿಟ್ಟು ಕೇಳಿ: ಈ ಸಿಮ್ಮು ತೆಗೆದಿಟ್ಟರೆ ಆ್ಯಪು ತೆರೆಯುತ್ತಾ? ಹೊರದೇಶದ ಗುಂಡಿ ಒತ್ತಲು ಆಗುತ್ತಾ? ಕೌಂಟರಿನಲ್ಲೇ ಮಾಡಿ ತೋರಿಸಲಿ.